ಮೊದಲು ಓದಿ, ಆಮೇಲೆ ಬರೆಯಿರಿ: ಬಯಾಸ್ ಫ್ಲ್ಯಾಶ್ ಮತ್ತು ಯುಎಸ್‌ಬಿ ಡ್ರೈವರ್ ಕಾಟ

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)



ಇವತ್ತು ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡ್ತೀನಿ. ಪುಣೆಯಲ್ಲಿ, ವಾಕಡ್‌ನ ನಮ್ಮ ಫ್ಲ್ಯಾಟಿನಲ್ಲಿ ಮೂವರು ಇದ್ವಿ. ಅದರಲ್ಲಿ ಒಬ್ಬ ಗದಗದ ಹುಡುಗ. ಆಗಷ್ಟೇ ಇಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕೋಕೆ ಬಂದಿದ್ದ. ಅವನ ಹತ್ರ ಇದ್ದದ್ದು ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಬ್ಯಾಟರಿ ಪೂರ್ತಿ ಸತ್ತಿತ್ತು, ಫ್ಯಾನ್ ಸದಾ ಜೋರಾಗಿ ಓಡ್ತಿತ್ತು. "ಅಣ್ಣಾ, ಇದರ ಸಪ್ಪಳಕ್ಕ ಇಂಟರ್‌ವ್ಯೂದಾಗ ನನ್ನ ಮಾತು ಅವರಿಗೆ ಕೇಳಂಗಿಲ್ಲ ನೋಡ್ರಿ" ಅಂದ. ಕಂಪನಿಯ ಜಾಲತಾಣದಲ್ಲಿ ನೋಡಿದ್ರೆ ಆ ಮಾಡೆಲ್‌ಗೆ ಹೊಸ ಬಯಾಸ್ ಬಂದಿತ್ತು. ಫ್ಯಾನ್ ನಿಯಂತ್ರಣ ಸರಿ ಮಾಡಿದೆ ಅಂತ ಟಿಪ್ಪಣಿಯೂ ಇತ್ತು. "ಕೊಡು ಇಲ್ಲಿ, ಐದು ನಿಮಿಷದ ಕೆಲಸ" ಅಂದೆ.

ಅಪ್‌ಡೇಟ್ ತಂತ್ರಾಂಶ ತಡೆಯಿತು. ಬ್ಯಾಟರಿ ಇಲ್ಲ, ಮುಂದೆ ಹೋಗಲ್ಲ ಅಂತು. ಆ ತಪಾಸಣೆಯನ್ನ ದಾಟಿಸೋ ಒಂದು ಆಯ್ಕೆ ನನಗೆ ಗೊತ್ತಿತ್ತು, ಹಾಕಿದೆ. ಬುಧವಾರ ಸಂಜೆ, ಹೊರಗೆ ಮಳೆ. ಅರ್ಧ ದಾರಿ ಹೋಗಿರಬಹುದು, ಕರೆಂಟ್ ಒಂದೇ ಒಂದು ಸಲ ಮಿಟುಕಿತು. ಟ್ಯೂಬ್‌ಲೈಟ್ ತಿರುಗಿ ಹತ್ತಿಕೊಂಡಿತು, ಲ್ಯಾಪ್‌ಟಾಪ್ ಹತ್ತಲಿಲ್ಲ. ಪವರ್ ಗುಂಡಿ ಒತ್ತಿದ್ರೆ ದೀಪ ಬರುತ್ತೆ, ಪರದೆ ಕಪ್ಪು.

ಸೋಮವಾರ ಬೆಳಿಗ್ಗೆ ಅವನ ಇಂಟರ್‌ವ್ಯೂ. ಇಂಟರ್‌ವ್ಯೂಗೆ ನನ್ನ ಡೆಸ್ಕ್‌ಟಾಪ್ ಕೊಡಬಹುದಿತ್ತು. ಆದರೆ ಅವನು ತೋರಿಸಬೇಕಿದ್ದ ಪ್ರಾಜೆಕ್ಟ್ ಆ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು, ಬೇರೆಲ್ಲೂ ನಕಲು ಇರಲಿಲ್ಲ. ಎಸ್‌ಎಸ್‌ಡಿ ಬಿಚ್ಚಿ ನನ್ನ ಡೆಸ್ಕ್‌ಟಾಪಿಗೆ ಹಾಕಿ ನೋಡಿದೆ. ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೇಳಿತು. "ನಾನು ಯಾವ ಲಾಕೂ ಹಾಕಿಲ್ರಿ ಅಣ್ಣಾ" ಅಂದ. ನಿಜ, ಅವನು ಹಾಕಿರಲಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದ್ರೆ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ತಾನಾಗಿಯೇ ಡಿಸ್ಕನ್ನ ಗೂಢಲಿಪಿಗೆ ಹಾಕುತ್ತೆ, ಕೀಯನ್ನ ಆ ಖಾತೆಯಲ್ಲಿ ಇಡುತ್ತೆ. ಖಾತೆಯ ಪಾಸ್‌ವರ್ಡ್ ಅವನಿಗೆ ನೆನಪಿರಲಿಲ್ಲ. ಓಟಿಪಿ ಹೋಗೋದು ಗದಗದಲ್ಲಿರೋ ಅಕ್ಕನ ನಂಬರಿಗೆ. "ಅದೆಲ್ಲಾ ಬೇಡ, ಬಯಾಸ್ ರಿಪೇರಿ ಮಾಡಿದ್ರೆ ತಾನೇ ತೆರೆಯುತ್ತೆ" ಅಂತ ನಾನಂದೆ. ಇದು ಎರಡನೇ ತಪ್ಪು, ಕೊನೆಗೆ ಅದಕ್ಕೆ ಬರ್ತೀನಿ.

ಕೆಟ್ಟದ್ದು ಏನು?

ಬಯಾಸ್, ಅಥವಾ ಈಗಿನ ಯುಇಎಫ್‌ಐ, ಇರೋದು ಮದರ್‌ಬೋರ್ಡಿನ ಮೇಲಿನ ಎಂಟು ಕಾಲಿನ ಪುಟ್ಟ ಫ್ಲ್ಯಾಶ್ ಚಿಪ್‌ನಲ್ಲಿ. 8 ಅಥವಾ 16 ಎಂಬಿ ಸಾಮಾನ್ಯ. ಅರ್ಧ ಬರೆದು ನಿಂತರೆ ಚಿಪ್ ಕೆಡೋದಿಲ್ಲ, ಒಳಗಿನ ಬರಹ ಕೆಡುತ್ತೆ. ಪ್ರೊಸೆಸರ್ ಎದ್ದ ತಕ್ಷಣ ಓದೋ ಮೊದಲ ಪುಟವೇ ಹರಿದಿದ್ರೆ ಅದಕ್ಕೆ ಮುಂದಿನ ದಾರಿ ಗೊತ್ತಾಗಲ್ಲ.

ಇದು ಹೊಸ ಸಮಸ್ಯೆ ಏನಲ್ಲ. 1999ರ ಏಪ್ರಿಲ್ 26ರಂದು ಸಿಐಎಚ್ ಅನ್ನೋ ವೈರಸ್ ಬಹಳ ಕಂಪ್ಯೂಟರ್‌ಗಳ ಬಯಾಸ್ ಅಳಿಸಿ ಹಾಕಿತ್ತು. ಆಗ ಎಷ್ಟೋ ಬೋರ್ಡುಗಳಲ್ಲಿ ಚಿಪ್ಪು ಸಾಕೆಟ್‌ನಲ್ಲಿ ಕೂತಿರ್ತಿತ್ತು, ಕಿತ್ತು ಬೇರೆ ಹಾಕಬಹುದಿತ್ತು. ಈಗ ಬಹುತೇಕ ಬೆಸುಗೆ ಹಾಕಿರ್ತಾರೆ.

ಡೆಸ್ಕ್‌ಟಾಪ್ ಇರೋರು ಗಾಬರಿ ಬೀಳೋ ಮುಂಚೆ ಬೋರ್ಡಿನ ಹಿಂಭಾಗ ನೋಡಿ. ಆಸುಸ್ ಇದನ್ನ ಬಯಾಸ್ ಫ್ಲ್ಯಾಶ್‌ಬ್ಯಾಕ್ ಅಂತಾರೆ, ಎಂಎಸ್‌ಐನವರು ಫ್ಲ್ಯಾಶ್ ಬಯಾಸ್ ಬಟನ್, ಗಿಗಾಬೈಟ್‌ನವರು ಕ್ಯೂ-ಫ್ಲ್ಯಾಶ್ ಪ್ಲಸ್. ಆ ಗುಂಡಿ ಇದ್ರೆ ಪ್ರೊಸೆಸರ್ ಎದ್ದೇಳದೇ ಇದ್ರೂ ಪೆನ್‌ಡ್ರೈವಿನಿಂದ ಬಯಾಸ್ ಬರೆಯಬಹುದು. ಪೆನ್‌ಡ್ರೈವ್ ಫ್ಯಾಟ್32 ಆಗಿರಬೇಕು, ಕೈಪಿಡಿಯಲ್ಲಿ ಹೇಳಿದ ಹೆಸರನ್ನೇ ಫೈಲಿಗೆ ಇಡಬೇಕು, ಗುರುತು ಹಾಕಿದ ಪೋರ್ಟಿಗೇ ಚುಚ್ಚಬೇಕು. ಫ್ಲ್ಯಾಶ್‌ಬ್ಯಾಕ್ ಕೆಲಸ ಮಾಡಲಿಲ್ಲ ಅನ್ನೋರು ಮೊದಲು ಈ ಮೂರನ್ನ ಪರೀಕ್ಷಿಸಿ. ನಮ್ಮ ಲ್ಯಾಪ್‌ಟಾಪಿನಲ್ಲಿ ಅಂಥ ಗುಂಡಿ ಇರಲಿಲ್ಲ. ಹೊರಗಿನ ಪ್ರೋಗ್ರಾಮರ್ ಬೇಕಾಯ್ತು.

ಡ್ರೈವರ್ ಸರಿ ಇದೆ, ಸಾಧನವೇ ಬೇರೆ

ಗುರುವಾರ ಸಿಎಚ್341ಎ ಪ್ರೋಗ್ರಾಮರ್ ತರಿಸಿದೆ, ಜೊತೆಗೆ ಎಂಟು ಕಾಲಿನ ಕ್ಲಿಪ್. ಕಪ್ಪು ಬಣ್ಣದ ಬೋರ್ಡ್, ನಿಮ್ಮಲ್ಲಿ ಹಲವರು ನೋಡಿರ್ತೀರಿ. ಡೆಸ್ಕ್‌ಟಾಪಿಗೆ ಚುಚ್ಚಿದೆ. ವಿಂಡೋಸ್ ಡ್ರೈವರ್ ಕೇಳಿತು, ಹಾಕಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾಮ್5 ಅಂತ ಬಂತು, ಹಳದಿ ಗುರುತು ಇಲ್ಲ, ತಪ್ಪು ಸಂದೇಶ ಇಲ್ಲ. ಪ್ರೋಗ್ರಾಮರ್ ತಂತ್ರಾಂಶ ತೆರೆದ್ರೆ ಮಾತ್ರ "ಸಾಧನ ಸಿಕ್ಕಿಲ್ಲ" ಅಂತ.

ಎರಡು ಸಂಜೆ ಹೋಯ್ತು. ಡ್ರೈವರ್ ತೆಗೆದೆ, ಹಾಕಿದೆ. ಹಳೆಯದು ಹಾಕಿದೆ, ಹೊಸದು ಹಾಕಿದೆ. ಪೋರ್ಟ್ ಬದಲಿಸಿದೆ, ಕೇಬಲ್ ಬದಲಿಸಿದೆ. ಶುಕ್ರವಾರ ರಾತ್ರಿ ಹನ್ನೆರಡಕ್ಕೆ ಸಾಧನದ ಐಡಿ ನೋಡಿದೆ. 1ಎ86:5523 ಅಂತ ಇತ್ತು.

ವಿಷಯ ಇಷ್ಟೇ. ಸಿಎಚ್341ಎ ಒಂದೇ ಚಿಪ್ಪು, ಎರಡು ವೇಷ. ಒಂದು ವೇಷದಲ್ಲಿ ಅದು ಯುಎಸ್‌ಬಿಯಿಂದ ಸೀರಿಯಲ್‌ಗೆ ಮಾತಾಡೋ ಸೇತುವೆ, ಆಗ ಐಡಿ 5523, ಕಾಮ್ ಪೋರ್ಟ್ ಬರುತ್ತೆ, ಸಿಎಚ್341ಸೆರ್ ಡ್ರೈವರ್ ಬೇಕು. ಇನ್ನೊಂದು ವೇಷದಲ್ಲಿ ಅದು ಫ್ಲ್ಯಾಶ್ ಪ್ರೋಗ್ರಾಮರ್, ಆಗ ಐಡಿ 5512, ಕಾಮ್ ಪೋರ್ಟ್ ಬರೋದೇ ಇಲ್ಲ, ಸಿಎಚ್341ಪಾರ್ ಡ್ರೈವರ್ ಬೇಕು. ವೇಷ ಬದಲಿಸೋದು ಬೋರ್ಡಿನ ಮೇಲಿರೋ ಒಂದು ಜಂಪರ್. ನನ್ನ ಬೋರ್ಡಿನಲ್ಲಿ ಅದು 2 ಮತ್ತು 3ರ ನಡುವೆ ಕೂತಿತ್ತು. ಕಿತ್ತು 1 ಮತ್ತು 2ರ ನಡುವೆ ಹಾಕಿದೆ. ಕೆಲಸ ಮುಗೀತು.

ಕಾಮ್ ಪೋರ್ಟ್ ಬಂತು ಅಂತ ನಾನು ಖುಷಿಪಟ್ಟಿದ್ದೆ, ಆದರೆ ತಪ್ಪು ವೇಷದಲ್ಲಿದೆ ಅನ್ನೋದಕ್ಕೆ ಅದೇ ಸಾಕ್ಷಿಯಾಗಿತ್ತು. ಅದಕ್ಕೇ ಹೇಳ್ತೀನಿ, ಡ್ರೈವರ್ ಡೌನ್‌ಲೋಡ್ ಮಾಡೋ ಮುಂಚೆ ಐಡಿ ಓದಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್, ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡಿ. ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಅನ್ನೋ ಒಂದೇ ಆಜ್ಞೆ. ನಾಲ್ಕು ಐಡಿ ನೆನಪಿಟ್ಟರೆ ಸಾಕು: 1ಎ86:7523 ಅಂದ್ರೆ ಸಿಎಚ್340, 0403:6001 ಅಂದ್ರೆ ಎಫ್‌ಟಿಡಿಐ, 067ಬಿ:2303 ಅಂದ್ರೆ ಪ್ರೊಲಿಫಿಕ್, 10ಸಿ4:ಇಎ60 ಅಂದ್ರೆ ಸಿಪಿ2102. ಕೇಬಲಿನ ಪ್ಯಾಕೆಟ್ ಮೇಲೆ ಏನೇ ಬರೆದಿರಲಿ, ಈ ಐಡಿಗೆ ತಕ್ಕ ಡ್ರೈವರ್ ಹಾಕಿ.

ಸೀರಿಯಲ್ ಕೇಬಲಿನ ಕಾಟಗಳು

ಬಯಾಸ್ ಮಾತಲ್ಲಿ ಸೀರಿಯಲ್ ಯಾಕೆ ಬಂತು ಅಂತೀರಾ? ರೌಟರ್, ರಾಸ್ಪ್‌ಬೆರಿ ಪೈ, ಸರ್ವರ್ ಬೋರ್ಡುಗಳಲ್ಲಿ ಪರದೆ ಬರದಿದ್ದಾಗ ಒಳಗೆ ಏನಾಗ್ತಿದೆ ಅಂತ ಹೇಳೋದು ಸೀರಿಯಲ್ ಕನ್ಸೋಲ್. ಫರ್ಮ್‌ವೇರ್ ಕೆಟ್ಟಾಗ ಮೊದಲು ಹುಡುಕೋದು ಅದನ್ನೇ. ಅಲ್ಲಿ ಜನ ಸಿಕ್ಕಿಬೀಳೋ ಜಾಗಗಳು ನಾಲ್ಕೈದು ಇವೆ.

ಮೊದಲನೆಯದು ನಕಲಿ ಚಿಪ್ಪು. 2014ರ ಅಕ್ಟೋಬರ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕ ಬಂದ ಎಫ್‌ಟಿಡಿಐ ಡ್ರೈವರ್ ನಕಲಿ ಚಿಪ್ಪುಗಳ ಪ್ರಾಡಕ್ಟ್ ಐಡಿಯನ್ನ ಸೊನ್ನೆ ಮಾಡಿಬಿಟ್ಟಿತ್ತು. ನಿನ್ನೆವರೆಗೆ ನಡೀತಿದ್ದ ಕೇಬಲ್ ಇವತ್ತು ಸತ್ತಿತ್ತು. ದೊಡ್ಡ ಗದ್ದಲವಾಗಿ ಆ ಡ್ರೈವರ್ ಹಿಂತೆಗೆದರು. 2016ರಲ್ಲಿ ಬಂದ ಇನ್ನೊಂದು ಡ್ರೈವರ್, ನಕಲಿ ಚಿಪ್ಪು ಕಂಡರೆ ದತ್ತಾಂಶದ ಬದಲು "ಅಸಲಿ ಸಾಧನ ಅಲ್ಲ" ಅನ್ನೋ ಅರ್ಥದ ಸಾಲನ್ನೇ ಕಳಿಸ್ತಿತ್ತು. ಪ್ರೊಲಿಫಿಕ್‌ನಲ್ಲಿ ಹಳೆಯ ಪಿಎಲ್2303 ಚಿಪ್ಪಿಗೆ ಹೊಸ ಡ್ರೈವರ್ ಹಾಕಿದ್ರೆ ಕೋಡ್ 10 ಬರುತ್ತೆ, ಇಲ್ಲಾಂದ್ರೆ 2012ರಿಂದಲೇ ಈ ಚಿಪ್ಪು ನಿಲ್ಲಿಸಿದ್ದೇವೆ ಅಂತ ಡಿವೈಸ್ ಮ್ಯಾನೇಜರ್‌ನಲ್ಲೇ ಬರೆದು ತೋರಿಸುತ್ತೆ. ಅಲ್ಲಿ ಡ್ರೈವರ್ ಜೊತೆ ಗುದ್ದಾಡೋದಕ್ಕಿಂತ ಬೇರೆ ಕೇಬಲ್ ತಗೊಳ್ಳೋದು ಲೇಸು.

ಎರಡನೆಯದು ಲಿನಕ್ಸ್‌ನವರಿಗೆ. ಉಬುಂಟು 22.04ರಲ್ಲಿ ಸಿಎಚ್340 ಚುಚ್ಚಿದ್ರೆ ಟಿಟಿವೈಯುಎಸ್‌ಬಿ0 ಬಂದು ಒಂದೆರಡು ಸೆಕೆಂಡಿನಲ್ಲಿ ಮಾಯವಾಗುತ್ತೆ. ಡಿಮೆಸೇಜ್ ಓದಿದ್ರೆ ಬಿಆರ್‌ಎಲ್‌ಟಿಟಿವೈ ಅನ್ನೋ ಹೆಸರು ಸಿಗುತ್ತೆ. ಅಂಧರು ಬಳಸೋ ಬ್ರೈಲ್ ಸಾಧನಗಳಿಗಾಗಿ ಇರೋ ಸೇವೆ ಅದು. ಕೆಲವು ಬ್ರೈಲ್ ಸಾಧನಗಳಲ್ಲೂ ಇದೇ ಐಡಿ ಇರೋದ್ರಿಂದ ನಿಮ್ಮ ಕೇಬಲನ್ನ ಅದು ತನ್ನದು ಅಂತ ಹಿಡ್ಕೊಳ್ಳುತ್ತೆ. ಮನೆಯಲ್ಲಿ ಯಾರಿಗೂ ಬ್ರೈಲ್ ಬೇಡವಾದ್ರೆ ಆ ಪ್ಯಾಕೇಜ್ ತೆಗೆಯಿರಿ. ಬೇಕಾಗಿದ್ರೆ ಯುಡೆವ್ ನಿಯಮದಲ್ಲಿ ಆ ಒಂದು ಸಾಲನ್ನ ಮಾತ್ರ ನಿಲ್ಲಿಸಿ.

ಮೂರನೆಯದು ಅನುಮತಿ. ಪೋರ್ಟ್ ಇದೆ, ತೆರೆಯೋಕೆ ಆಗ್ತಿಲ್ಲ ಅಂದ್ರೆ ನೀವು ಡಯಲ್‌ಔಟ್ ಗುಂಪಿನಲ್ಲಿ ಇಲ್ಲ. ಸೇರಿಸಿಕೊಂಡು, ಲಾಗ್ ಔಟ್ ಆಗಿ ಮತ್ತೆ ಬನ್ನಿ. ಲಾಗ್ ಔಟ್ ಮರೆತು ಗಂಟೆಗಟ್ಟಲೆ ತಲೆ ಕೆಡಿಸಿಕೊಂಡವರಲ್ಲಿ ನಾನೂ ಒಬ್ಬ.

ನಾಲ್ಕನೆಯದು ತಂತಿ. ಈ ಕಡೆಯ ಟಿಎಕ್ಸ್ ಆ ಕಡೆಯ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ, ಗ್ರೌಂಡ್ ಗ್ರೌಂಡಿಗೆ. ಬೋರ್ಡಿಗೆ ಅದರದೇ ಪವರ್ ಇದ್ರೆ ವಿಸಿಸಿ ತಂತಿ ಮುಟ್ಟಬೇಡಿ. ಅಕ್ಷರಗಳು ಚಿತ್ರವಿಚಿತ್ರ ಬಂದ್ರೆ ಬಾಡ್ ವೇಗ ನೋಡಿ, 115200 ಹೆಚ್ಚು ಸಾಮಾನ್ಯ. ಗ್ರೌಂಡ್ ಸಡಿಲ ಇದ್ರೂ ಹಾಗೇ ಆಗುತ್ತೆ.

ಕೇಬಲ್ ಸರಿ ಇದೆಯೋ ಇಲ್ಲವೋ ಅಂತ ಅನುಮಾನ ಬಂದ್ರೆ ಒಂದು ಪರೀಕ್ಷೆ ಇದೆ. ಬೋರ್ಡಿನಿಂದ ಬಿಚ್ಚಿ, ಕೇಬಲಿನದೇ ಟಿಎಕ್ಸ್ ಮತ್ತು ಆರ್‌ಎಕ್ಸ್ ಎರಡನ್ನೂ ಒಂದಕ್ಕೊಂದು ಜೋಡಿಸಿ. ಟರ್ಮಿನಲ್‌ನಲ್ಲಿ ನಿಮ್ಮ ಹೆಸರು ಟೈಪ್ ಮಾಡಿ. ಹೆಸರು ತಿರುಗಿ ಬಂದ್ರೆ ಡ್ರೈವರ್, ಕೇಬಲ್, ಪೋರ್ಟ್ ಮೂರೂ ಸರಿ, ತಪ್ಪು ಆಚೆ ಕಡೆ ಇದೆ. ಬರದಿದ್ರೆ ಬೋರ್ಡನ್ನ ಬೈಯೋದು ಬಿಡಿ. ಅರ್ಧ ನಿಮಿಷದ ಕೆಲಸ ಇದು.

ಒಂದು ಅಕ್ಷರದ ವ್ಯತ್ಯಾಸ

ಲ್ಯಾಪ್‌ಟಾಪಿಗೆ ವಾಪಸ್ ಬರೋಣ. ಶನಿವಾರ ಬೆಳಿಗ್ಗೆ ಹಿಂಬದಿ ಬಿಚ್ಚಿ, ಮೊಬೈಲ್ ಕ್ಯಾಮೆರಾ ದೊಡ್ಡದು ಮಾಡಿ ಚಿಪ್ಪಿನ ಮೇಲಿನ ಬರಹ ಓದಿದೆ. ವಿನ್‌ಬಾಂಡ್ 25ಕ್ಯೂ64ಎಫ್‌ವಿ. ಇದು 3.3 ವೋಲ್ಟಿನದು. ಇದರದೇ ಅಣ್ಣತಮ್ಮ 25ಕ್ಯೂ64ಎಫ್‌ಡಬ್ಲ್ಯೂ, ಅದು 1.8 ವೋಲ್ಟಿನದು. ಕೊನೆಯ ಒಂದು ಅಕ್ಷರದಲ್ಲಿ ಚಿಪ್ಪು ಉಳಿಯೋದೂ ಸುಡೋದೂ ಇದೆ. 1.8ರ ಚಿಪ್ಪಿಗೆ ಬೇರೆ ಅಡಾಪ್ಟರ್ ಬೇಕೇ ಬೇಕು.

ಇನ್ನೊಂದು ಎಚ್ಚರಿಕೆ. ಕಪ್ಪು ಸಿಎಚ್341ಎ ಬೋರ್ಡುಗಳಲ್ಲಿ ಫ್ಲ್ಯಾಶ್ ಚಿಪ್ಪಿಗೆ ಪವರ್ 3.3 ವೋಲ್ಟೇ ಹೋಗುತ್ತೆ, ಆದರೆ ಡೇಟಾ ತಂತಿಗಳಲ್ಲಿ 5 ವೋಲ್ಟ್ ಬರುತ್ತೆ. ಎಷ್ಟೋ ಜನ ಹಾಗೇ ಬಳಸಿ ಬಚಾವಾಗಿದ್ದಾರೆ. ಅದನ್ನ ನೆಚ್ಚಿಕೊಳ್ಳಬೇಡಿ. ಮಲ್ಟಿಮೀಟರ್ ಇಟ್ಟು ಅಳೆದು ನೋಡಿ. ವೋಲ್ಟೇಜ್ ಆಯ್ಕೆಯ ಸ್ವಿಚ್ ಇರೋ ಬೋರ್ಡುಗಳೂ ಸಿಗ್ತವೆ, ತಗೊಳ್ಳೋದಾದ್ರೆ ಅದನ್ನೇ ತಗೊಳ್ಳಿ.

ಅಡಾಪ್ಟರ್ ಕಿತ್ತೆ, ಬ್ಯಾಟರಿ ಕನೆಕ್ಟರ್ ಬಿಚ್ಚಿದೆ, ಗುಂಡಿ ಸೆಲ್ ತೆಗೆದೆ. ಕ್ಲಿಪ್ಪಿನ ಕೆಂಪು ತಂತಿ ಚಿಪ್ಪಿನ ಚುಕ್ಕೆಯ ಕಡೆಗೆ, ಅಂದ್ರೆ ಒಂದನೇ ಕಾಲಿಗೆ ಬರೋ ಹಾಗೆ ಕೂರಿಸಿದೆ. ಚಿಪ್ಪನ್ನ ಮೂರು ಸಲ ಓದಿಸಿದೆ. ಮೂರು ಫೈಲು ಬಂತು, ಮೂರೂ 8 ಎಂಬಿ. ಹ್ಯಾಶ್ ತೆಗೆದು ನೋಡಿದ್ರೆ ಮೂರಕ್ಕೂ ಬೇರೆ ಬೇರೆ.

ಆಗ ನನಗನ್ನಿಸಿದ್ದು, ಒಳಗಿರೋದು ಹೇಗಿದ್ರೂ ಕೆಟ್ಟಿದೆ, ಓದಿ ಏನು ಮಾಡೋದು? ಅದೇ ಮಾಡೆಲ್‌ನ ಬಯಾಸ್ ಡಂಪ್ ಅಂತರ್ಜಾಲದಲ್ಲಿ ಸಿಕ್ಕಿತ್ತು, ಬರೆದುಬಿಟ್ರೆ ಮುಗೀತು. ಇರೇಸ್ ಗುಂಡಿಯ ಮೇಲೆ ಮೌಸ್ ಇಟ್ಟಿದ್ದೆ. ಹುಡುಗ ಪಕ್ಕದಲ್ಲೇ ಕೂತಿದ್ದ. "ಅಣ್ಣಾ, ಯಾರಿಗರ ಒಂದ್ಸಲ ಕೇಳೋಣೇನ್ರಿ?" ಅಂದ. ಭಯ ಅವನ ದನಿಯಲ್ಲಿತ್ತು, ನನಗೆ ಬರಬೇಕಿದ್ದ ಭಯ.

ತಪಕೀರ್ ಗಲ್ಲಿ

ಬುಧವಾರ ಪೇಠೆಯ ತಪಕೀರ್ ಗಲ್ಲಿ ಪುಣೆಯವರಿಗೆ ಗೊತ್ತು. ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದ ಹಾಗೆ. ಅಲ್ಲಿ ಮಹಡಿ ಮೇಲಿನ ಒಂದು ಸಣ್ಣ ಅಂಗಡಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡೋ ಕಾಕಾ ಒಬ್ಬರಿದ್ರು. ನನ್ನ ಕಥೆಯೆಲ್ಲಾ ಕೇಳಿ, ಮೂರು ಫೈಲು ನೋಡಿ, ಮರಾಠಿಯಲ್ಲಿ ಒಂದೇ ಮಾತು ಅಂದ್ರು: "ಆಧೀ ವಾಚ್, ಮಗ್ ಲಿಹೀ." ಮೊದಲು ಓದು, ಆಮೇಲೆ ಬರಿ.

ಅವರು ಮಾಡಿದ್ದು ದೊಡ್ಡ ವಿದ್ಯೆ ಏನಲ್ಲ. ಚಿಪ್ಪಿನ ಕಾಲುಗಳನ್ನ ಐಪಿಎ ಹಚ್ಚಿ ಬ್ರಷ್‌ನಿಂದ ಉಜ್ಜಿದ್ರು. ಕ್ಲಿಪ್ಪಿಗೆ ನಾನು ಜೋಡಿಸಿದ್ದ ಉದ್ದನೆ ತಂತಿ ಕಿತ್ತು ಗಿಡ್ಡದು ಹಾಕಿದ್ರು. ಮತ್ತೆ ಓದಿಸಿದ್ರು, ಹ್ಯಾಶ್ ಬೇರೆ ಬಂತು. ಆಗ ಹಾಟ್ ಏರ್ ಹಿಡಿದು ಚಿಪ್ಪನ್ನೇ ಬಿಡಿಸಿ ಸಾಕೆಟ್‌ನಲ್ಲಿಟ್ಟು ಓದಿಸಿದ್ರು. ಎರಡು ಸಲ ಓದಿಸಿದ್ರು, ಹ್ಯಾಶ್ ಒಂದೇ. ಬೋರ್ಡಿನ ಮೇಲೆ ಕೂತಿರೋ ಚಿಪ್ಪಿಗೆ ನಾವು ಕೊಡೋ ಕರೆಂಟನ್ನ ಸುತ್ತಲಿನ ಸರ್ಕ್ಯೂಟ್ ಎಳ್ಕೊಳ್ಳುತ್ತೆ, ಅದಕ್ಕೇ ಓದು ಅಲುಗಾಡುತ್ತೆ ಅಂದ್ರು. ಓದೇ ಸ್ಥಿರವಾಗಿಲ್ಲ ಅಂದ್ಮೇಲೆ ಬರೆದದ್ದು ಸರಿ ಹೋಗುತ್ತೆ ಅನ್ನೋ ಭರವಸೆ ಎಲ್ಲಿಂದ?

ಆಮೇಲೆ ಅವರು ಆ ಕೆಟ್ಟ ಡಂಪನ್ನ ತೆರೆದು ತೋರಿಸಿದ್ರು. ಕೆಟ್ಟಿದ್ದದ್ದು ಬಯಾಸ್ ಕೋಡ್ ಇರೋ ಭಾಗ ಮಾತ್ರ. ಉಳಿದ ಕಡೆ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್, ವಿಂಡೋಸ್ ಕೀ, ನೆಟ್‌ವರ್ಕಿನ ಮ್ಯಾಕ್ ವಿಳಾಸ, ಇಂಟೆಲ್ ಎಂಇ ಭಾಗ ಎಲ್ಲಾ ಇದ್ದವು. ಅಂತರ್ಜಾಲದ ಡಂಪ್ ಬರೆದಿದ್ರೆ ಇನ್ಯಾರದೋ ನಂಬರು, ಇನ್ಯಾರದೋ ಕೀ ಈ ಯಂತ್ರಕ್ಕೆ ಬರ್ತಿತ್ತು. ಇವನದು ಶಾಶ್ವತವಾಗಿ ಹೋಗ್ತಿತ್ತು, ಯಾಕಂದ್ರೆ ಅದರ ನಕಲು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕೆಟ್ಟ ಡಂಪನ್ನೂ ಜೋಪಾನವಾಗಿ ಇಡಬೇಕು ಅನ್ನೋದು ಇದಕ್ಕೇ.

ಕಂಪನಿಯ ಅಪ್‌ಡೇಟ್ ಫೈಲಿನಿಂದ ಕೋಡ್ ಭಾಗ ಮಾತ್ರ ತೆಗೆದು ನಮ್ಮ ಡಂಪಿನಲ್ಲಿ ಅದೇ ಜಾಗಕ್ಕೆ ಕೂರಿಸಿದ್ರು. ಇಲ್ಲೂ ಒಂದು ಗುಂಡಿ ಇದೆ, ನೋಡಿಕೊಂಡು ಹೆಜ್ಜೆ ಇಡಿ. ಅಪ್‌ಡೇಟ್ ಫೈಲು ನೇರವಾಗಿ ಚಿಪ್ಪಿಗೆ ಬರೆಯೋ ಫೈಲಲ್ಲ. ಉದಾಹರಣೆಗೆ, ಆಸುಸ್ ಬೋರ್ಡುಗಳ ಕ್ಯಾಪ್ ಫೈಲಿಗೆ ಮುಂದೆ 2048 ಬೈಟ್‌ಗಳ ತಲೆಪಟ್ಟಿ ಇರುತ್ತೆ. 16 ಎಂಬಿ ಚಿಪ್ಪಿಗೆ 16777216 ಬೈಟ್ ಬೇಕು, ಫೈಲು 16779264 ಇರುತ್ತೆ. ಫೈಲಿನ ಗಾತ್ರ ಚಿಪ್ಪಿನ ಗಾತ್ರಕ್ಕೆ ಬೈಟಿಗೆ ಬೈಟ್ ಸರಿ ಹೋಗದಿದ್ರೆ ಬರೆಯಬೇಡಿ, ಯಾಕೆ ಅಂತ ಹುಡುಕಿ.

ಬರೆದ ಮೇಲೆ ಮತ್ತೆ ಓದಿಸಿ ಹೋಲಿಸಿದ್ರು. ಚಿಪ್ಪು ಬೆಸುಗೆ ಹಾಕಿದ್ರು. ಪವರ್ ಗುಂಡಿ ಒತ್ತಿದ್ರು. ಪರದೆ ಬಂತು. ಹುಡುಗ ಕಾಕಾನ ಕಾಲಿಗೆ ಬೀಳೋಕೆ ಹೋದ.

ಕೊನೆಯ ಬೀಗ

ಮನೆಗೆ ಬಂದು ಎಸ್‌ಎಸ್‌ಡಿ ಹಾಕಿದ್ವಿ. ಬಿಟ್‌ಲಾಕರ್ ಮತ್ತೆ 48 ಅಂಕಿ ಕೇಳಿತು. ಬಯಾಸ್ ಬದಲಾಗಿದೆ ಅಲ್ವಾ, ಟಿಪಿಎಂಗೆ ಇದು ಅದೇ ಯಂತ್ರ ಅಂತ ಖಾತ್ರಿಯಾಗಲ್ಲ, ಬೀಗ ತೆಗೆಯಲ್ಲ. ಬಯಾಸ್ ಅಪ್‌ಡೇಟ್‌ಗೆ ಮುಂಚೆ ಬಿಟ್‌ಲಾಕರನ್ನ ಸಸ್ಪೆಂಡ್ ಮಾಡಬೇಕು ಅನ್ನೋದು ಇದಕ್ಕೆ. ಬುಧವಾರ ನಾನು ಅದನ್ನ ಮಾಡಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದ್ವಿ. ಅವರು ಯಾರದೋ ಮದುವೆಗೆ ಹೋಗಿದ್ರು, ಫೋನ್ ಸ್ವಿಚ್ ಆಫ್. ಶನಿವಾರ ರಾತ್ರಿ ಹೋಯ್ತು, ಭಾನುವಾರ ಹಗಲೂ ಹೋಯ್ತು. ಹುಡುಗ ಊಟ ಸರಿಯಾಗಿ ಮಾಡಲಿಲ್ಲ, ಆದರೆ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ರೆ ಎಷ್ಟೋ ಹಗುರ ಆಗ್ತಿತ್ತು. ಭಾನುವಾರ ರಾತ್ರಿ ಹನ್ನೊಂದಕ್ಕೆ ಅಕ್ಕನೇ ಫೋನ್ ಮಾಡಿದ್ರು. ಓಟಿಪಿ ಓದಿ ಹೇಳಿದ್ರು, ಖಾತೆ ತೆರೀತು, ಕೀ ಸಿಕ್ತು. ಒಂದೊಂದೇ ಅಂಕಿ ಅವನು ಓದ್ತಾ ಹೋದ, ನಾನು ಹಾಕ್ತಾ ಹೋದೆ. ಪ್ರಾಜೆಕ್ಟ್ ಇತ್ತು. ಮೊದಲ ಕೆಲಸವಾಗಿ ಅದನ್ನ ಎರಡು ಕಡೆ ನಕಲು ಮಾಡಿದ್ವಿ.

ಆ ಕೀ ಬುಧವಾರ ರಾತ್ರಿಯೇ ಸಿಗ್ತಿತ್ತು. ಅವತ್ತು ಅಕ್ಕ ಮನೆಯಲ್ಲೇ ಇದ್ರು. ಕೀ ಇದ್ದಿದ್ರೆ ಎಸ್‌ಎಸ್‌ಡಿ ನನ್ನ ಡೆಸ್ಕ್‌ಟಾಪಿನಲ್ಲೇ ತೆರೆದು ಪ್ರಾಜೆಕ್ಟ್ ತೆಗೆದುಕೊಳ್ಳಬಹುದಿತ್ತು, ಆಮೇಲೆ ನಿಧಾನವಾಗಿ ರಿಪೇರಿ. ನಾನು ರಿಪೇರಿಯ ಹುಮ್ಮಸ್ಸಿನಲ್ಲಿದ್ದೆ, ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಏನು ಅಂತ ಕೇಳಲಿಲ್ಲ.

ಬರೆದಿಟ್ಟುಕೊಳ್ಳಿ

ಅಪ್‌ಡೇಟ್‌ಗೆ ಮುಂಚೆ: ದತ್ತಾಂಶದ ನಕಲು, ರಿಕವರಿ ಕೀ ಕಾಗದದ ಮೇಲೆ, ಬಿಟ್‌ಲಾಕರ್ ಸಸ್ಪೆಂಡ್, ಬ್ಯಾಟರಿ ಮತ್ತು ಅಡಾಪ್ಟರ್ ಎರಡೂ. ತಂತ್ರಾಂಶ ಬೇಡ ಅಂದ್ರೆ ಬೇಡ.

ಸಾಧನ ಸಿಗದಿದ್ರೆ: ಮೊದಲು ಐಡಿ, ಆಮೇಲೆ ಜಂಪರ್, ಆಮೇಲೆ ಡ್ರೈವರ್. ಸೀರಿಯಲ್ ಆದ್ರೆ ಟಿಎಕ್ಸ್-ಆರ್‌ಎಕ್ಸ್ ಜೋಡಿಸೋ ಪರೀಕ್ಷೆ.

ಚಿಪ್ಪು ಮುಟ್ಟೋ ಮುಂಚೆ: ಚಿಪ್ಪಿನ ಪೂರ್ತಿ ಹೆಸರು, ಅದರ ವೋಲ್ಟೇಜ್, ಒಂದನೇ ಕಾಲು.

ಬರೆಯೋ ಮುಂಚೆ: ಎರಡು ಸಲ ಓದು, ಹ್ಯಾಶ್ ಒಂದೇ ಇರಬೇಕು. ಎರಡೂ ಒಂದೇ ಬಂದ್ರೂ ಒಳಗೆ ಬರೀ ಎಫ್‌ಎಫ್ ಅಥವಾ ಬರೀ ಸೊನ್ನೆ ಇದ್ರೆ ಅದು ಓದಲ್ಲ, ಕ್ಲಿಪ್ ತಾಗಿಲ್ಲ ಅಂತ ಅರ್ಥ. ಮೂಲ ಡಂಪ್ ಎರಡು ಕಡೆ ಇಡಿ. ಬರೆದ ಮೇಲೆ ಮತ್ತೆ ಓದಿ ಹೋಲಿಸಿ.

ಅವನಿಗೆ ಆ ಕೆಲಸ ಸಿಗಲಿಲ್ಲ, ಎರಡು ತಿಂಗಳ ನಂತರ ಬೇರೆ ಕಡೆ ಸಿಕ್ಕಿತು. ಫ್ಯಾನ್ ಸದ್ದು ಹೊಸ ಬಯಾಸ್‌ನಿಂದ ಕಡಿಮೆ ಆಗಲಿಲ್ಲ. ಬಿಚ್ಚಿ ಧೂಳು ತೆಗೆದು ಪೇಸ್ಟ್ ಹಚ್ಚಿದಾಗ ಕಡಿಮೆ ಆಯ್ತು. ಅದನ್ನೂ ಮೊದಲೇ ನೋಡಬಹುದಿತ್ತು.